ಬಾರ್ಬೆಲ್ ಮೇಲೆ ಕಾಲಿಟ್ಟು ನಿಲ್ಲಿಸಿದ

ಕಾಲಿಟ್ಟ. ಶೂ ಹಾಕಿದ ಕಾಲು. ನಾನು ಬಗ್ಗಿ, ಹಿಡಿತ ಸರಿ ಮಾಡ್ಕೊಂಡು, ಉಸಿರು ತುಂಬ್ಕೊಂಡು ಇನ್ನೇನು ಎತ್ತಬೇಕು, ಅಷ್ಟರಲ್ಲಿ ಬಾರ್ಬೆಲ್ ಮೇಲೆ, ತೂಕದ ಪ್ಲೇಟ್ ಸಿಕ್ಕಿಸಿದ ಆ ಕಬ್ಬಿಣದ ಸರಳಿನ ಮೇಲೆ, ಆ ಶೂ. ತಲೆ ಎತ್ತಿದ್ರೆ ಅವನು, ಜಿಮ್ಮಿನ ಟ್ರೈನರ್. "ಆಂಟಿ, ಬಿಡಿ ಬಿಡಿ, ಇದೆಲ್ಲ ನಿಮಗಲ್ಲ. ಗರ್ಭಕೋಶ ಜಾರಿಬಿಡುತ್ತೆ."

ಮೆಲ್ಲಗೆ ಅಂದಿದ್ರೆ ನುಂಗ್ಕೋತಿದ್ದೆನೇನೋ. ಅಲ್ಲಿ ಕಿವಿ ಕಿತ್ತುಹೋಗೋ ಹಾಗೆ ಹಾಡು ಹಾಕಿರ್ತಾರೆ, ಅದರ ಮೇಲೆ ಕೇಳಿಸಲಿ ಅಂತ ಕೂಗಿದ. ಕನ್ನಡಿ ಮುಂದಿದ್ದ ಹುಡುಗರೆಲ್ಲ ತಿರುಗಿದ್ರು. ಒಬ್ಬ ಕಿವಿಯಿಂದ ಇಯರ್‌ಫೋನ್ ತೆಗೆದು ನೋಡಿದ. ಟ್ರೆಡ್‌ಮಿಲ್ ಮೇಲಿದ್ದ ನಮ್ಮ ರಸ್ತೆಯವರೇ ಒಬ್ಬರು, "ಹೌದು ರೀ, ಈ ವಯಸ್ಸಲ್ಲಿ ಯಾಕೆ ಬೇಕು" ಅಂದ್ರು.

ನನಗೆ ಗರ್ಭಕೋಶವೇ ಇಲ್ಲ. ಫೈಬ್ರಾಯ್ಡ್, ಅಂದ್ರೆ ಗಡ್ಡೆ ಇದೆ ಅಂತ ಎಷ್ಟೋ ವರ್ಷದ ಹಿಂದೆ ತೆಗೆದಾಯ್ತು, ಜೊತೆಗೆ ಅಂಡಾಶಯಗಳನ್ನೂ. ಅದನ್ನ ನಾನು ಅಲ್ಲಿ, ನನ್ನ ಮಗನ ವಯಸ್ಸಿನವರ ಮುಂದೆ, ಹಾಡಿನ ಸದ್ದಿಗಿಂತ ಜೋರಾಗಿ ಕೂಗಿ ಹೇಳಬೇಕಿತ್ತಾ? ಏನೂ ಹೇಳಲಿಲ್ಲ. ಎದ್ದು ನಿಂತೆ. ಅವನು ಪ್ಲೇಟ್ ಬಿಚ್ಚಿ ತಗೊಂಡು ಹೋದ. ವಾಪಸ್ ಬಂದು ಕೈಗೆ ಎರಡು ಗುಲಾಬಿ ಡಂಬ್‌ಬೆಲ್ ಇಟ್ಟ, ಒಂದೊಂದು ಒಂದು ಕೆಜಿ. ಇಟ್ಟು ಬೆನ್ನು ತಟ್ಟಿದ. ಬೆನ್ನು ತಟ್ಟಿದ ರೀ! ಮನೆಗೆ ಬಂದು ಸ್ನಾನ ಮಾಡಿ, ಅಡುಗೆ ಮಾಡಿ, ಎಲ್ಲರಿಗೂ ಬಡಿಸಿ ಆಯ್ತು, ಬೆನ್ನ ಮೇಲೆ ಆ ಕೈ ಇನ್ನೂ ಇದೆ.

ಅಂಡಾಶಯ ತೆಗೆದ್ರೆ ಮೂಳೆ ಕಾಯೋ ಹಾರ್ಮೋನ್ ಈಸ್ಟ್ರೋಜನ್ ಒಮ್ಮೆಲೇ ಬಿದ್ದುಹೋಗುತ್ತೆ, ಮೂಳೆ ಸವೆಯೋದು ಜೋರಾಗುತ್ತೆ. ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನಲ್ಲಿ ಟಿ ಸ್ಕೋರ್ ಅನ್ನೋ ಅಂಕ ಮೈನಸ್ 1ರಿಂದ ಮೈನಸ್ 2.5ರ ಮಧ್ಯೆ ಬಂದ್ರೆ ಆಸ್ಟಿಯೋಪೀನಿಯ, ಅಂದ್ರೆ ಮೂಳೆ ಸವೆಯೋಕೆ ಶುರು; ಮೈನಸ್ 2.5 ಅಥವಾ ಅದಕ್ಕೂ ಕೆಳಗಾದ್ರೆ ಆಸ್ಟಿಯೋಪೊರೋಸಿಸ್, ಮೂಳೆ ಸುಲಭವಾಗಿ ಮುರಿಯೋ ಸ್ಥಿತಿ. ನಾನು ಆ ಗೆರೆಯ ಹತ್ತಿರ ಇದೀನಿ. ಡಾಕ್ಟರೇ ಹೇಳಿದ್ದು, ತೂಕ ಎತ್ತಿ, ಕಲಿತು ಎತ್ತಿ, ನಿಧಾನಕ್ಕೆ ಹೆಚ್ಚಿಸಿ ಅಂತ. ಗರ್ಭಕೋಶ ಜಾರುವ ತೊಂದರೆ ಇದ್ದವರು, ಹೆರಿಗೆಯಾಗಿ ಸ್ವಲ್ಪವೇ ದಿನ ಆದವರು ಕೇಳ್ಕೊಂಡೇ ಎತ್ತಬೇಕು, ಅದನ್ನ ನಾನು ಅಲ್ಲಗಳೆಯಲ್ಲ. ನಾನು ಕೇಳ್ಕೊಂಡೇ ಹೋಗಿದ್ದೆ. ಫಾರ್ಮ್ ತುಂಬುವಾಗ ಇದೆಲ್ಲ ಬರೆದೂ ಕೊಟ್ಟಿದ್ದೆ. ಅವನು ಓದಿಲ್ಲ.

ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆ ಸವೆದ ಹೆಂಗಸರ ಮೇಲೆ ಒಂದು ಅಧ್ಯಯನ ನಡೀತು. 2018ರಲ್ಲಿ ಪ್ರಕಟ ಆಯ್ತು, ಹೆಸರು ಲಿಫ್ಟ್‌ಮೋರ್. ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ಎಂಟು ತಿಂಗಳು, ಪಕ್ಕದಲ್ಲೇ ನಿಂತು ನೋಡಿಕೊಳ್ಳೋರ ಜೊತೆ. ಎತ್ತಿಸಿದ್ದು ಗುಲಾಬಿ ಡಂಬ್‌ಬೆಲ್ ಅಲ್ಲ. ಡೆಡ್‌ಲಿಫ್ಟ್ ಅಂದ್ರೆ ನೆಲದಿಂದ ಭಾರ ಎತ್ತೋದು, ಸ್ಕ್ವಾಟ್ ಅಂದ್ರೆ ಭಾರ ಹೊತ್ತು ಕೂತು ಏಳೋದು, ಆಮೇಲೆ ಭಾರವನ್ನ ತಲೆ ಮೇಲಕ್ಕೆ ಎತ್ತೋದು, ಅದೂ ಒಬ್ಬೊಬ್ಬರು ಒಂದು ಸಲಕ್ಕೆ ಎತ್ತಬಲ್ಲ ಗರಿಷ್ಠ ಭಾರದ ಶೇ 85ಕ್ಕಿಂತ ಹೆಚ್ಚು. ಕೊನೆಗೆ ಅವರ ಕೆಳಬೆನ್ನಿನ ಮೂಳೆ ಸಾಂದ್ರತೆ ಸುಮಾರು ಶೇ 2.9 ಏರಿತ್ತು. ಮನೇಲಿ ಹಗುರ ವ್ಯಾಯಾಮ ಮಾಡಿದವರದ್ದು ಶೇ 1.2 ಇಳಿದಿತ್ತು. ಅಂದ್ರೆ ಅವನು ನನ್ನ ಕೈಗೆ ಇಟ್ಟಿದ್ದು ಇಳಿಯೋ ದಾರಿ.

ಹೋಗ್ಲಿ, ಅವನೊಬ್ಬನನ್ನ ಬೈದು ಏನು ಪ್ರಯೋಜನ. ನನ್ನ ಗಂಡ ಹೇಳೋದೂ ಅದೇ, "ಲಾಲ್‌ಬಾಗಲ್ಲಿ ಎರಡು ಸುತ್ತು ಹಾಕು, ಸಾಕು." ನಡಿಗೆ ಒಳ್ಳೇದು, ಹೃದಯಕ್ಕೆ ಬೇಕು, ನಾನೂ ನಡೀತೀನಿ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಚಟುವಟಿಕೆ ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸೋ ವ್ಯಾಯಾಮ ಬೇಕು ಅಂತ ಇದೆ. ಹೆಂಗಸರಿಗೂ, ವಯಸ್ಸಾದವರಿಗೂ. ಆ ಎರಡನೇ ಭಾಗ ನಮ್ಮ ಮನೆಗಳಿಗೆ ಯಾಕೆ ತಲುಪೋದೇ ಇಲ್ಲ?

ಇಲ್ಲ, ಹೋಗ್ಲಿ ಅನ್ನಕ್ಕೆ ಆಗ್ತಿಲ್ಲ. ಯಾಕೆ ಅಂದ್ರೆ ಇದೇ ನಾನು ಮನೇಲಿ 20 ಲೀಟರ್ ನೀರಿನ ಕ್ಯಾನ್ ಎತ್ತಿ ಡಿಸ್ಪೆನ್ಸರ್ ಮೇಲೆ ಕವುಚ್ತೀನಿ. 20 ಕೆಜಿ. ಒಬ್ಬರೂ "ಬಿಡಿ ಬಿಡಿ" ಅಂದಿಲ್ಲ. ಗ್ಯಾಸ್ ಸಿಲಿಂಡರ್ ಒಳಗಿನ ಅನಿಲವೇ 14.2 ಕೆಜಿ, ಕಬ್ಬಿಣ ಸೇರಿದ್ರೆ 30ರ ಹತ್ತಿರ. ಅದನ್ನ ಬಾಲ್ಕನಿಯಿಂದ ಅಡುಗೆಮನೆಗೆ ತರೋದು ಯಾರು? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿಬಜಾರಿಂದ ಎರಡು ಕೈ ತುಂಬ ಚೀಲ ಹೊತ್ತು ಬಸ್ ಹತ್ತುವಾಗ ಯಾರ ಗರ್ಭಕೋಶದ ಚಿಂತೆಯೂ ಯಾರಿಗೂ ಇಲ್ಲ. ದುಡಿಯೋಕೆ ಎತ್ತಿದ್ರೆ ಸರಿ, ನಮ್ಮ ಮೈ ಗಟ್ಟಿಯಾಗಲಿ ಅಂತ ಎತ್ತಿದ್ರೆ ಅಪಾಯ!

ಡಂಬ್‌ಬೆಲ್ ಕೊಟ್ಟಮೇಲೆ ಸುಮ್ಮನಿದ್ದನಾ? ಹೊಟ್ಟೆಗೆ ಸುತ್ತೋ ಬೆಲ್ಟ್ ತಂದ. "ಬೆವರು ಹರಿದಷ್ಟು ಫ್ಯಾಟ್ ಕರಗುತ್ತೆ, ಹೊಟ್ಟೆಗೇ ಸ್ಪೆಷಲ್ ಪ್ಯಾಕೇಜ್ ಇದೆ." ಬೆವರು ಮೈ ತಂಪು ಮಾಡೋಕೆ ಇರೋದು. ಬೆಲ್ಟ್ ಬಿಚ್ಚಿದಾಗ ಇಳಿದಿರೋದು ನೀರಿನ ತೂಕ, ಎರಡು ಲೋಟ ನೀರು ಕುಡಿದ್ರೆ ವಾಪಸ್. ಕೊಬ್ಬು ಕರಗಿದಾಗ ಅದರ ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಉಸಿರಲ್ಲೇ ಹೊರಗೆ ಹೋಗುತ್ತೆ. ಹತ್ತು ಕೆಜಿ ಕೊಬ್ಬು ಕರಗಿದ್ರೆ ಸುಮಾರು 8.4 ಕೆಜಿ ಹಾಗೆ ಹೋಗುತ್ತೆ, ಉಳಿದದ್ದು ನೀರು. ಹೊಟ್ಟೆಗೇ ಅಂತ ವ್ಯಾಯಾಮ ಮಾಡಿದ್ರೆ ಹೊಟ್ಟೆಯದ್ದೇ ಕರಗಲ್ಲ. ಎಲ್ಲಿಂದ ಮೊದಲು ಕರಗಬೇಕು ಅನ್ನೋದು ನಮ್ಮ ಕೈಲಿಲ್ಲ. ಇದನ್ನೇ ವೃತ್ತಿ ಮಾಡ್ಕೊಂಡವನಿಗೆ ಇಷ್ಟೂ ಗೊತ್ತಿಲ್ಲವಾ, ಗೊತ್ತಿದ್ದೂ ಮಾರ್ತಾನಾ? ಯಾವುದು ನಿಜ ಆದ್ರೂ ನನಗೆ ಸಿಟ್ಟೇ ಬರುತ್ತೆ.

ಹೊರಡುವಾಗ ರಿಸೆಪ್ಷನ್‌ನಲ್ಲಿದ್ದ ಹುಡುಗಿ ಸಮಾಧಾನ ಮಾಡೋಕೆ ಬಂದಳು, ಪಾಪ. "ಮ್ಯಾಮ್, ಭಾರ ಎತ್ತಿದ್ರೆ ಗಂಡಸರ ಥರ ಮೈ ಆಗಿಬಿಡುತ್ತೆ, ಅದಕ್ಕೇ ಸರ್ ಹೇಳಿದ್ದು." ನಮ್ಮ ದೇಹದಲ್ಲಿ ಸ್ನಾಯು ಬೆಳೆಸೋ ಹಾರ್ಮೋನ್ ಟೆಸ್ಟೋಸ್ಟೆರೋನ್ ಗಂಡಸರಲ್ಲಿರೋದರ ಹತ್ತನೇ ಒಂದು ಪಾಲೂ ಇರಲ್ಲಮ್ಮ ಅಂದೆ. ನಕ್ಕಳು. ಆ ವಯಸ್ಸಿನ ಹುಡುಗಿಗೆ ಈಗಲೇ ಇದನ್ನ ತಲೆಗೆ ತುಂಬಿದಾರಲ್ಲ, ಅದು ಹೆಚ್ಚು ನೋಯಿಸ್ತು. ಕರ್ಣಂ ಮಲ್ಲೇಶ್ವರಿ ಸಿಡ್ನಿಯಲ್ಲಿ ಕಂಚು ಗೆದ್ದಿದ್ದು 2000ದಲ್ಲಿ. ಒಟ್ಟು 240 ಕೆಜಿ ಎತ್ತಿ, ಒಲಿಂಪಿಕ್ಸ್ ಪದಕ ಗೆದ್ದ ಭಾರತದ ಮೊದಲ ಹೆಂಗಸು. ಇಷ್ಟು ವರ್ಷ ಆದಮೇಲೂ ಈ ಊರಲ್ಲಿ ನಾವು ಬಾರ್ಬೆಲ್ ಮುಟ್ಟಿದ್ರೆ ಅದರ ಮೇಲೆ ಕಾಲಿಡ್ತಾರೆ. ಗರಡಿಮನೆಯಲ್ಲಿ ಮಣ್ಣು ಮುಟ್ಟಿ ಕಣ್ಣಿಗೊತ್ಕೊಂಡು ಇಳೀತಾರೆ ರೀ, ಸಲಕರಣೆಗೆ ಕಾಲು ಇಡಲ್ಲ!

ಸಾಯಂಕಾಲ ಅಕ್ಕ ಫೋನ್ ಮಾಡಿ, "ಅಪ್ಪು ನೆನಪಿಲ್ವಾ, ಜಿಮ್ ಎಲ್ಲ ಬೇಡ" ಅಂದಳು. ನೆನಪಿಲ್ಲದೆ ಏನು. 2021ರ ಅಕ್ಟೋಬರ್ 29, ನಲವತ್ತಾರು ವಯಸ್ಸು, ನಮ್ಮ ಮನೇಲಿ ಆವತ್ತು ಒಲೆ ಹಚ್ಚಿರಲಿಲ್ಲ. ಆಮೇಲೆ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದ್ರು, ಅದು ಒಳ್ಳೇದೇ. ಮೈ ದಣಿಸೋ ಹೊತ್ತಲ್ಲಿ ಅಪಾಯ ಒಂಚೂರು ಏರೋದು ನಿಜ, ಒಳಗೆ ರೋಗ ಇದ್ದವರಿಗೆ ಇನ್ನೂ ನಿಜ. ಆದರೆ ಒಟ್ಟಾರೆ ನೋಡಿದ್ರೆ ಕೂತಲ್ಲೇ ಕೂರೋರದ್ದಕ್ಕಿಂತ ಕ್ರಮವಾಗಿ ವ್ಯಾಯಾಮ ಮಾಡೋರ ಹೃದಯವೇ ಹೆಚ್ಚು ಸುರಕ್ಷಿತ. ಅಕ್ಕನಿಗೆ ಹೇಳಿದೆ. ಕೇಳಿಸ್ಕೊಳ್ಳಲಿಲ್ಲ. ಸಾಕಾಗಿದೆ ನನಗೆ, ಇನ್ನು ಯಾರಿಗೂ ಏನೂ ಹೇಳಲ್ಲ.

ಆದರೂ ಕೇಳ್ತಿದೀನಿ, ಯಾರಾದರೂ ಉತ್ತರ ಕೊಡಿ. ದುಡ್ಡು ಮುಂಗಡವಾಗಿ ಪೂರ್ತಿ ಕಟ್ಟಿದೀನಿ, ವಾಪಸ್ ಕೊಡಲ್ಲ ಅಂತ ರಸೀದಿಯಲ್ಲೇ ಇದೆ, ಹೋದರೆ ಹೋಗಲಿ. ಬನಶಂಕರಿ, ಪದ್ಮನಾಭನಗರ, ಜಯನಗರ ಈ ಕಡೆ, ಐವತ್ತು ದಾಟಿದ ಹೆಂಗಸಿಗೆ ಡೆಡ್‌ಲಿಫ್ಟ್ ಸರಿಯಾಗಿ ಕಲಿಸೋರು, ರಿಪೋರ್ಟ್ ಓದಿ ಕಲಿಸೋರು ಇದಾರಾ? ಹೆಂಗಸರೇ ಆಗಬೇಕು ಅಂತಿಲ್ಲ. ಬೆಳಗ್ಗೆ ಹತ್ತರಿಂದ ಹನ್ನೆರಡರ ಒಳಗೆ ಆಗಬೇಕು. ಗೊತ್ತಿದ್ರೆ ಹೇಳಿ, ನಾಳೆಯೇ ಹೋಗಿ ಸೇರ್ತೀನಿ.