ಪಾಲಿನ ವಿಮಾನ, ಬಟ್ಟೆಯ ರೆಕ್ಕೆ

ಹೋದ ತಿಂಗಳು ಮನೆಯ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಹಾಕಿದೆ. ಕೆಂಪು ಬಿಳಿ ಬಣ್ಣದ ಸಣ್ಣ ವಿಮಾನ, ಪಕ್ಕದಲ್ಲಿ ನಾನು. ಟೆಕ್ಸಾಸ್‌ಗೆ ಬಂದ ಹನ್ನೊಂದು ವರ್ಷಕ್ಕೆ ಇಂಥ ಫೋಟೊ ಹಾಕುವ ಯೋಗ ಕೂಡಿಬಂದಿತ್ತು. ಸುಳ್ಳೇಕೆ, ಸ್ವಲ್ಪ ಸೊಕ್ಕೂ ಇತ್ತು. ಬೀದರಿನಿಂದ ಮೊದಲು ಕೇಳಿದವನು ದೊಡ್ಡಪ್ಪನ ಮಗ: "ನಿಂದೇ ಏನು?" ಮೂರು ಮಂದಿ ಸೇರಿ ತಗೊಂಡೀವಿ ಅಂದೆ. "ಪಾಲಿನಾಗಾ? ಹೊಲಾ ಪಾಲಿಗಿ ಹಾಕ್ದಂಗಾ?" ಹೊಸದೂ ಅಲ್ಲ ಅಂದೆ. ರೆಕ್ಕೆಗೆ ಬಟ್ಟೆ ಹೊದಿಸಿರುತ್ತಾರೆ ಅಂತ ಹುರುಪಿನಲ್ಲಿ ಅದನ್ನೂ ಹೇಳಿಬಿಟ್ಟೆ. ಅಲ್ಲಿಗೆ ಮುಗಿಯಿತು. ಅವತ್ತಿನಿಂದ ನಮ್ಮ ಮಂದಿಯ ಬಾಯಲ್ಲಿ ಅದು "ಲುಂಗಿ ವಿಮಾನ".

ನಗೆಯಲ್ಲಿ ತೇಲಿಸಿಬಿಡಬಹುದಿತ್ತು, ಆದರೆ ಮುಳ್ಳು ಚುಚ್ಚಿದ್ದು ಚುಚ್ಚಿದ್ದೇ. ಅದಕ್ಕೇ ಈ ಬರಹ.

ಆ ಲುಂಗಿ ವಿಮಾನದ ಖರೇ ಹೆಸರು ಸೂಪರ್ ಡೆಕಾಥ್ಲಾನ್. ಉಕ್ಕಿನ ಕೊಳವೆಗಳ ಗೂಡು, ಮೇಲೆ ಬಿಗಿಯಾಗಿ ಎಳೆದ ಪಾಲಿಯೆಸ್ಟರ್ ಬಟ್ಟೆ, 180 ಅಶ್ವಶಕ್ತಿಯ ಎಂಜಿನ್, ಬಾಲದ ಕೆಳಗೊಂದು ಪುಟ್ಟ ಚಕ್ರ. ತನ್ನ ತೂಕದ ಆರು ಪಟ್ಟು ಹೊರೆ ತಾಳುತ್ತದೆ, ತಲೆಕೆಳಗಾದಾಗ ಐದು ಪಟ್ಟು. ಬೆರಳಿಂದ ರೆಕ್ಕೆ ಬಡಿದರೆ ಹಲಗೆಯ ಸದ್ದು ಬರುತ್ತದೆ, ಬಾರಿಸುವ ಮುಂಚೆ ಕಾಸಿ ಬಿಗಿ ಮಾಡಿದ ಹಲಗೆ.

ಇದನ್ನು ನಾವು ಕೊಂಡದ್ದು ಏರೊಬ್ಯಾಟಿಕ್ ಸ್ಪರ್ಧೆಗೆ, ಅಂದರೆ ವಿಮಾನದಲ್ಲಿ ಲಾಗ ಹಾಕುವ ಪಂದ್ಯಕ್ಕೆ. ಏರ್ ಶೋ ಅಲ್ಲ ಇದು. ಹೊಗೆ ಇಲ್ಲ, ಹಾಡಿಲ್ಲ, ಮೈಕಿಲ್ಲ. ಆಕಾಶದಲ್ಲಿ ಒಂದು ಕಿಲೋಮೀಟರ್ ಉದ್ದಗಲದ ಕಾಣದ ಡಬ್ಬಿ, ಅದರ ಗಡಿಗೆ ನೆಲದ ಮೇಲೆ ಬಿಳಿ ಗುರುತು. ಯಾವ ಆಟದ ನಂತರ ಯಾವುದು ಎಂಬುದನ್ನು ಅರೆಸ್ತಿ ಎಂಬ ಸ್ಪೇನಿನ ಪೈಲಟ್ ರೂಪಿಸಿದ ಗೆರೆಗಳ ಲಿಪಿಯಲ್ಲಿ ಚೀಟಿಗೆ ಬರೆದು ಕಣ್ಣೆದುರು ಅಂಟಿಸಿಕೊಂಡಿರುತ್ತೇವೆ. ಪ್ರತಿ ಆಕೃತಿಗೂ ಹತ್ತು ಅಂಕದಿಂದ ಶುರು. ಐದು ಡಿಗ್ರಿ ವಾಲಿದರೆ ಒಂದು ಅಂಕ ಹೋಯಿತು. ಪ್ರೈಮರಿಯಿಂದ ಅನ್‌ಲಿಮಿಟೆಡ್ ತನಕ ಐದು ದರ್ಜೆ. ಕೆಳಗಿನ ಎರಡು ದರ್ಜೆಯವರು 1,500 ಅಡಿಗಿಂತ ಕೆಳಗೆ ಇಳಿಯುವಂತಿಲ್ಲ, ಅನ್‌ಲಿಮಿಟೆಡ್‌ನವರಿಗೆ 328 ಅಡಿ ತನಕ ಅವಕಾಶ.

ಮೊದಲ ಸ್ಪರ್ಧೆಯಲ್ಲಿ ನಾನು ಹಾರಲಿಲ್ಲ. ತೀರ್ಪುಗಾರರ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಅವರು ಕೂಗಿದ ಅಂಕ ಬರೆಯುವ ಕೆಲಸ ಸಿಕ್ಕಿತ್ತು. ಒಬ್ಬರು 300 ಅಶ್ವಶಕ್ತಿಯ ಎಕ್ಸ್‌ಟ್ರಾ 300 ತಂದಿದ್ದರು, ಜರ್ಮನಿಯ ಮಾಲು, ಹತ್ತು ಪಟ್ಟು ಹೊರೆ ತಾಳುವಂಥದ್ದು. ಅದು ಗುಡುಗಿಕೊಂಡು ಬಂದು ಎರಡನೇ ಆಟಕ್ಕೇ ಡಬ್ಬಿಯಿಂದ ಆಚೆ ಹೋಯಿತು. ಅದರ ಹಿಂದೆ ಬಂದವರು ನಿವೃತ್ತ ಗಣಿತ ಮಾಸ್ತರರು, ಬಾಡಿಗೆ ಡೆಕಾಥ್ಲಾನ್‌ನಲ್ಲಿ. ಎಡ ರೆಕ್ಕೆಯ ತುದಿಗೆ ತಂತಿಯ ಒಂದು ತ್ರಿಕೋನ ಕಟ್ಟಿದ್ದರು. ನಲವತ್ತೈದು ಡಿಗ್ರಿಯಲ್ಲಿ ಏರುವಾಗ ಕತ್ತು ಎಡಕ್ಕೆ ಹೊರಳಿಸಿ, ಆ ತಂತಿಯನ್ನು ದಿಗಂತಕ್ಕೆ ಸಮ ಮಾಡಿಕೊಳ್ಳುವುದಂತೆ. ಗೆರೆ ಎಂದರೆ ಗೆರೆ. ಎಂಟು, ಎಂಟೂವರೆ, ಎಂಟು ಅಂತ ಬರೆದುಕೊಳ್ಳುತ್ತ ಹೋದೆ. ಪಕ್ಕದ ತೀರ್ಪುಗಾರರು ಎಂಜಿನ್ ಯಾವುದು ಅಂತ ಒಮ್ಮೆಯೂ ಕೇಳಲಿಲ್ಲ.

ಅವತ್ತು ಸಂಜೆ ಮಾಸ್ತರರ ಮುಂದೆ ಕೂತೆ. ನಾನು ಯಾವ ವಿಮಾನ ತಗೊಳ್ಳಲಿ ಸರ್? ಅವರು ರೊಕ್ಕದ ಮಾತೇ ಎತ್ತಲಿಲ್ಲ. ಯಾವ ದರ್ಜೆಯಲ್ಲಿ ಹಾರುವವನು, ತಿಂಗಳಿಗೆ ಎಷ್ಟು ತಾಸು ಹಾರುತ್ತೀ, ಹಿಂದಿನ ಸೀಟಿನಲ್ಲಿ ಕಲಿಸುವವರು ಬೇಕೋ ಬೇಡವೋ, ಆಲಿಕಲ್ಲು ಬಿದ್ದರೆ ಎಲ್ಲಿ ನಿಲ್ಲಿಸುತ್ತೀ? ಪಿಟ್ಸ್ ಎಸ್-1 ಎಂದರೆ ಕಣ್ಣು ಅರಳುತ್ತದೆ: ಎರಡು ಜೋಡಿ ರೆಕ್ಕೆ, ತುದಿಯಿಂದ ತುದಿಗೆ 17 ಅಡಿ ಚಿಲ್ಲರೆ, ಆಕಾಶದಲ್ಲಿ ನೊಣ ಇದ್ದಂಗೆ. ಆದರೆ ಒಂದೇ ಸೀಟು, ಇಳಿಸುವಾಗ ಮುಂದಿನ ರನ್‌ವೇ ಕಾಣುವುದಿಲ್ಲ. ಸಿಟಾಬ್ರಿಯಾ ಅಗ್ಗ. ಅದರ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ "ಏರ್‌ಬ್ಯಾಟಿಕ್" ಆಗುತ್ತದೆ. ಆದರೆ ತಲೆಕೆಳಗಾಗಿ ಹಾರುತ್ತ ಹೋಗಲು ಅದು ಆಗದು. ಕೊನೆಗೆ ಮಾಸ್ತರರು ಡೆಕಾಥ್ಲಾನ್‌ಗೆ ಬಂದರು. ಅದು ನಿಧಾನಕ್ಕೆ ಉರುಳುತ್ತದೆ, ಪೆಡಲ್ ಒತ್ತುವ ಕಾಲು ಸೋತರೆ ಮೂತಿ ಕೆಳಗೆ ಜೋಲುತ್ತದೆ, ನಿನ್ನ ಒಂದು ತಪ್ಪನ್ನೂ ಮುಚ್ಚಿಡುವುದಿಲ್ಲ, ಅದಕ್ಕೇ ಅದನ್ನು ತಗೋ ಅಂದರು.

ನಮ್ಮಲ್ಲಿ ಯಾರು ಹೀಗೆ ಹೇಳುತ್ತಾರೆ? ನನ್ನನ್ನು ನಕ್ಕ ಆ ಅಣ್ಣನೇ ಎರಡು ವರ್ಷದ ಹಿಂದೆ ಏಳು ಸೀಟಿನ ದೊಡ್ಡ ಗಾಡಿ ತಗೊಂಡ. ಮನೆ ಇರುವುದು ಚೌಬಾರದ ಹಿಂದಿನ ಓಣಿಯಲ್ಲಿ. ಅಲ್ಲಿ ಅದು ತಿರುಗುವುದಿಲ್ಲ. ಮೇನ್ ರೋಡಿನಲ್ಲಿ ಬಿಟ್ಟು ಮನೆಗೆ ಆಟೊದಲ್ಲಿ ಬರುತ್ತಾನೆ. ಕೇಳಿದರೆ, "ತಗೊಂಡ್ರ ಅಂಥಾದೇ ತಗೋಬೇಕು ತಮ್ಮಾ, ಮಂದಿ ಏನಂತಾರ?" ಪಿಯುಸಿ ಹುಡುಗನಿಗೆ ಬುಲೆಟ್, ಇನ್ನೂ ಸರಿಗಮ ಬಾರದ ಹುಡುಗಿಗೆ ದೊಡ್ಡ ಕೀಬೋರ್ಡ್. ಕೈಗೆ ತಕ್ಕ ವಸ್ತು ತಗೊಂಡವನು ನಮ್ಮಲ್ಲಿ ಬಡವ.

ತಮಾಷೆ ನೋಡಿ, ಇದರ ಪಾಠ ನಮ್ಮ ಮಾಳಿಗೆಯ ಮೇಲೇ ಹಾರುತ್ತಿತ್ತು. ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಬೀದರಿನಲ್ಲೇ. ನಾವು ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಮಾಳಿಗೆ ಹತ್ತಿ ಒಂದು, ಎರಡು, ಒಂಬತ್ತು ಅಂತ ಎಣಿಸಿದವರು. ಆ ಕೇಸರಿ ಬಿಳಿ ವಿಮಾನಗಳು ಎಂಥವು? ಮಿಗ್ ಅಲ್ಲ, ಮಿರಾಜ್ ಅಲ್ಲ. ಬೆಂಗಳೂರಿನ ಎಚ್‌ಎಎಲ್ ಮಾಡಿದ ಕಿರಣ್, ಹುಡುಗರಿಗೆ ಹಾರಾಟ ಕಲಿಸುವ ವಿಮಾನ. 2011ರಲ್ಲಿ ತಂಡ ನಿಂತು, ಮತ್ತೆ ಎದ್ದು ಬಂದದ್ದು ಹಾಕ್‌ನಲ್ಲಿ, ಅದೂ ಕಲಿಸುವ ವಿಮಾನವೇ. ವಾಯುಪಡೆಗೆ ಫೈಟರ್ ಇರಲಿಲ್ಲವೇ? ಇದ್ದವು. ರೆಕ್ಕೆಗೆ ರೆಕ್ಕೆ ತಾಗಿಸುವಷ್ಟು ಹತ್ತಿರ ಹಾರಲು ಸೌಮ್ಯವಾದ, ಹೇಳಿದ ಮಾತು ಕೇಳುವ ವಿಮಾನ ಬೇಕು. ಚಪ್ಪಾಳೆ ಹೊಡೆದು ಕೈ ಕೆಂಪಗೆ ಮಾಡಿಕೊಂಡ ನಾವು ಇದನ್ನು ಮಾತ್ರ ನೋಡಲಿಲ್ಲ.

ಇಷ್ಟು ಬೈದ ಮೇಲೆ ಒಂದೆರಡು ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಇಲ್ಲಿನ "ಸಾಧಾರಣ" ಎನ್ನುವುದಕ್ಕೆ ಡಾಲರಿನ ಬಲವಿದೆ. ನನ್ನ ಮೂರನೇ ಒಂದು ಪಾಲಿಗೆ ಬಿದ್ದ ರೊಕ್ಕದಲ್ಲಿ ಅಣ್ಣನ ಆ ಗಾಡಿ ಎರಡು ಬರುತ್ತವೆ. ಹಾರುವಾಗ ಕಟ್ಟಿಕೊಳ್ಳುವ ಪ್ಯಾರಾಚೂಟನ್ನೇ 180 ದಿನಕ್ಕೊಮ್ಮೆ ಬಿಚ್ಚಿ ಮಡಚಿಸಬೇಕು, ಅದಕ್ಕೆ ಪ್ರತ್ಯೇಕ ಫೀಸು. ಇನ್ನೊಂದು, ಇಲ್ಲಿ ಯಾರೂ ಮಾಳಿಗೆ ಹತ್ತುವುದಿಲ್ಲ. ನನ್ನ ಮೊದಲ ಸರದಿ ಮುಗಿಸಿ ಇಳಿದಾಗ ಚಪ್ಪಾಳೆ ಹೊಡೆದವರು ನಾಲ್ಕು ಮಂದಿ, ನಾಲ್ವರೂ ಪೈಲಟ್‌ಗಳೇ. ಅಕ್ಕಪಕ್ಕದ ಮನೆಯವರು ಸದ್ದಾಯಿತು ಅಂತ ದೂರು ಕೊಟ್ಟಿದ್ದರು. ಏಳು ಮಂದಿಯಲ್ಲಿ ಆರನೆಯವನಾಗಿದ್ದೆ, ಅದು ಬೇರೆ ಮಾತು. ಅವತ್ತು ರಾತ್ರಿ ಬೀದರಿನ ಚಿದ್ರಿ ರಸ್ತೆಯ ಮಾಳಿಗೆಗಳು ಬಹಳ ನೆನಪಾದವು.

ಇನ್ನೂ ಒಂದಿದೆ. ಲುಂಗಿ ವಿಮಾನದ ನಗೆಯೆಲ್ಲ ಅಡಗಿದ ಎರಡು ದಿನಕ್ಕೆ ಕಾಕಾ ಫೋನ್ ಮಾಡಿದರು. ಮೂವತ್ತು ವರ್ಷ ಸರ್ಕಾರಿ ಬಸ್ ಓಡಿಸಿದವರು, ಗುಂಪಿನಲ್ಲಿ ಒಂದು ಅಕ್ಷರ ಬರೆದಿರಲಿಲ್ಲ.

"ತಮ್ಮಾ, ಒಂದ್ ಮಾತ್ ಕೇಳ್ತೀನಿ. ಉಲ್ಟಾ ಆದ್ ಮ್ಯಾಲ ಟಾಕ್ಯಾಗಿನ ಎಣ್ಣಿ ಇಂಜಿನ್‌ಗಿ ಹ್ಯಾಂಗ ಬರ್ತದ?"

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಸಿಟಾಬ್ರಿಯಾಕ್ಕೂ ಡೆಕಾಥ್ಲಾನ್‌ಗೂ ಇರುವ ದೊಡ್ಡ ಅಂತರವೇ ಅದು. ಹೇಳಿದೆ: ದೊಡ್ಡ ಟಾಕಿ ರೆಕ್ಕೆಯಲ್ಲಿದೆ, ಉಲ್ಟಾ ಆದರೆ ಅದು ಎಂಜಿನ್ನಿನ ಕೆಳಗೆ ಹೋಗುತ್ತದೆ, ಅದಕ್ಕೇ ಮುಂದೆ ಇನ್ನೊಂದು ಪುಟ್ಟ ಟಾಕಿ ಇಟ್ಟಿದ್ದಾರೆ, ಎರಡು ನಿಮಿಷಕ್ಕೆ ಸಾಲುತ್ತದೆ.

"ಹೌದು. ಮತ್ತ ಇಂಜಿನ್ ಆಯಿಲ್?"

ಅದಕ್ಕೊಂದು ವಾಲ್ವು, ಒಳಗೆ ಉಕ್ಕಿನ ಗುಂಡು, ವಿಮಾನ ಉಲ್ಟಾ ಆದಾಗ ಗುಂಡು ತಾನಾಗಿಯೇ ಜಾರಿ ಆಯಿಲ್‌ನ ದಾರಿ ಬದಲಿಸುತ್ತದೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಭಾರಿ ಮಾಡ್ಯಾರ ನೋಡು," ಅಂದರು ಕಾಕಾ. "ಆ ಗುಂಡಿಂದು ಫೋಟೊ ಇದ್ರ ಕಳಸು. ನಿಂದು ಬ್ಯಾಡ."