ಹೊಸಬರ ಪಾಲಿಗೆ ಉಳಿಯುವ ಶಿಫ್ಟ್‌ಗಳು

ಸೂಪರ್‌ಮಾರ್ಕೆಟ್ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಬಳಿ ಹೇಳಿಕೊಳ್ಳುವ ಕಷ್ಟಗಳಲ್ಲಿ ಸಂಬಳದ ಮಾತು ಎರಡನೆಯದಾಗಿ ಬರುತ್ತದೆ. ಮೊದಲು ಬರುವುದು ಶಿಫ್ಟ್‌ನ ಮಾತು. ಬೆಂಗಳೂರಿನ ಒಂದು ದಿನಸಿ ಮಳಿಗೆಯಲ್ಲಿ ಬಿಲ್ಲಿಂಗ್ ಕೌಂಟರಿನಿಂದ ಕೆಲಸ ಆರಂಭಿಸಿದ ನಾನು, ಮುಂದೆ ಕೆಲವು ವರ್ಷ ಅಲ್ಲಿಯೇ ವಾರದ ರೋಸ್ಟರ್, ಅಂದರೆ ಯಾರಿಗೆ ಯಾವ ಶಿಫ್ಟ್ ಎಂಬ ಪಟ್ಟಿ, ಬರೆಯುವ ಹೊಣೆಯನ್ನೂ ಹೊತ್ತಿದ್ದೆ. ಈಚೆಗೆ ನಮ್ಮ ಅಕ್ಕನ ಮಗಳು ಡಿಗ್ರಿ ಮುಗಿಸಿ ಇನ್ನೊಂದು ಕಂಪನಿಯ ಮಳಿಗೆಗೆ ಸೇರಿದ್ದಾಳೆ. ಪ್ರತಿ ಶನಿವಾರ, ಭಾನುವಾರ ಅವಳಿಗೆ ಕ್ಲೋಸಿಂಗ್, ಅಂದರೆ ರಾತ್ರಿ ಮಳಿಗೆ ಮುಚ್ಚುವ ಶಿಫ್ಟ್. ಸೋಮವಾರ ಬೆಳಗ್ಗೆ ಮಳಿಗೆ ತೆರೆಯುವ ಓಪನಿಂಗ್. ವೀಕ್ ಆಫ್ ಯಾವ ದಿನವೆಂಬುದು ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಬಂದಾಗಲೇ ಗೊತ್ತಾಗುತ್ತದೆ. ಅವಳಿಗೆ ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ.

ಈ ಅನ್ಯಾಯ ಹುಟ್ಟುವ ಬಗೆಯನ್ನು ಮೊದಲು ತಿಳಿದುಕೊಳ್ಳಬೇಕು. ಮಳಿಗೆಯಲ್ಲಿ ಎಲ್ಲ ಶಿಫ್ಟ್‌ಗಳೂ ಒಂದೇ ತೂಕದವಲ್ಲ. ಬೆಳಗಿನವರು ಹಾಲು, ಬ್ರೆಡ್, ತರಕಾರಿಯ ಲೋಡ್ ಇಳಿಸಿಕೊಳ್ಳಬೇಕು. ರಾತ್ರಿಯವರು ಶಟರ್ ಎಳೆದ ಮೇಲೂ ಕ್ಯಾಶ್ ಟ್ಯಾಲಿ ಮಾಡಿ, ಖಾಲಿಯಾದ ರ‍್ಯಾಕ್ ತುಂಬಿ, ಗಿರಾಕಿಗಳು ಅಲ್ಲಲ್ಲಿ ಬಿಟ್ಟುಹೋದ ಸಾಮಾನುಗಳನ್ನು ಜಾಗಕ್ಕೆ ಸೇರಿಸಿ ಹೊರಡಬೇಕು. ತಿಂಗಳ ಮೊದಲ ಹತ್ತು ದಿನ, ವಾರಾಂತ್ಯ, ಯುಗಾದಿ, ವರಮಹಾಲಕ್ಷ್ಮಿ, ಗೌರಿ-ಗಣೇಶ, ದೀಪಾವಳಿಯ ಮುಂಚಿನ ದಿನಗಳಲ್ಲಿ ಈ ಕೆಲಸ ಎರಡು ಪಟ್ಟಾಗುತ್ತದೆ. ರೋಸ್ಟರ್ ಬರೆಯಲು ಕುಳಿತವರು ಸಾಮಾನ್ಯವಾಗಿ ಮೊದಲು ಹಳಬರ ಹೆಸರನ್ನು ಬರೆಯುತ್ತಾರೆ. ಒಬ್ಬರಿಗೆ ಮಕ್ಕಳನ್ನು ಶಾಲೆಯಿಂದ ಕರೆತರಬೇಕು, ಒಬ್ಬರ ಮನೆ ದೂರ, ಒಬ್ಬರು ಭಾನುವಾರ ಬರುವುದೇ ಇಲ್ಲವೆಂದು ಎಂದೋ ಮಾತು ಪಡೆದುಕೊಂಡವರು, ಇನ್ನೊಬ್ಬರು ಮ್ಯಾನೇಜರಿಗೆ ಬೇಕಾದವರು. ಇವರೆಲ್ಲರಿಗೂ ಅನುಕೂಲ ಮಾಡಿಕೊಟ್ಟ ಮೇಲೆ ಉಳಿದ ಚೌಕಗಳಲ್ಲಿ ಹೊಸಬರ ಹೆಸರು ಬೀಳುತ್ತದೆ. ಹೊಸಬರನ್ನು ಗೋಳುಹೊಯ್ದುಕೊಳ್ಳಬೇಕೆಂದು ಯಾರೂ ಕುಳಿತು ಯೋಚಿಸಿರುವುದಿಲ್ಲ. ಆದರೆ ಯಾರೂ ಯೋಚಿಸದೆ ನಡೆಯುವುದರಿಂದಲೇ ಅದು ತಿಂಗಳುಗಟ್ಟಲೆ ತಿದ್ದುಪಡಿಯಾಗದೆ ಉಳಿಯುತ್ತದೆ. ಕಂಪನಿಯ ರೋಲ್‌ನಲ್ಲಿ ಇರದೆ ಏಜೆನ್ಸಿಯ ಮೂಲಕ ಬಂದವರ ಸ್ಥಿತಿ ಇನ್ನೂ ಕಷ್ಟ. ಮಳಿಗೆಯವರು ಏಜೆನ್ಸಿಯನ್ನು ಕೇಳಿ ಎನ್ನುತ್ತಾರೆ, ಏಜೆನ್ಸಿಯವರು ಮಳಿಗೆಯವರನ್ನು ಕೇಳಿ ಎನ್ನುತ್ತಾರೆ.

ರಾತ್ರಿ ಕ್ಲೋಸಿಂಗ್ ಮಾಡಿದವರಿಗೆ ಮರುದಿನ ಓಪನಿಂಗ್ ಕೊಡುವುದು ನನ್ನ ದೃಷ್ಟಿಯಲ್ಲಿ ಇವುಗಳಲ್ಲೆಲ್ಲ ಕ್ರೂರವಾದದ್ದು. ಹತ್ತು ಗಂಟೆಗೆ ಮಳಿಗೆ ಮುಚ್ಚಿದರೆ ಹೊರಬರುವಾಗ ಹತ್ತೂಮುಕ್ಕಾಲು. ಬಸ್ ಹಿಡಿದು ಪಿಜಿ ಸೇರಿ, ಉಳಿದ ಅನ್ನ ತಿಂದು ಮಲಗುವಾಗ ಹನ್ನೆರಡೂವರೆ. ಏಳಕ್ಕೆ ಮಳಿಗೆಯಲ್ಲಿರಬೇಕಾದವಳು ಐದಕ್ಕೆ ಏಳಲೇಬೇಕು. ನಾಲ್ಕೂವರೆ ಗಂಟೆ ಮಲಗಿ ಬಂದವಳು ಕೌಂಟರಿನಲ್ಲಿ ನಿಂತು ಚಿಲ್ಲರೆ ಎಣಿಸುವಾಗ ತಪ್ಪಿದರೆ, ಆ ಶಾರ್ಟೇಜ್, ಅಂದರೆ ಕಡಿಮೆ ಬಿದ್ದ ಹಣ, ಅವಳ ಹೆಸರಿಗೇ ಬೀಳುತ್ತದೆ.

ಇದಕ್ಕಿಂತಲೂ ಒಳಗೊಳಗೇ ಕೊರೆಯುವುದು ನಾಳೆಯ ವೇಳೆ ಗೊತ್ತಿಲ್ಲದಿರುವುದು. ವಾರದ ರಜೆ ಬುಧವಾರವೆಂದು ಭಾನುವಾರವೇ ತಿಳಿದಿದ್ದರೆ ಮಂಗಳವಾರ ರಾತ್ರಿ ಊರಿನ ಬಸ್ ಹತ್ತಬಹುದು, ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಬಹುದು, ಬ್ಯಾಂಕಿನ ಕೆಲಸ ಮುಗಿಸಬಹುದು. ಮಂಗಳವಾರ ರಾತ್ರಿ ಹನ್ನೊಂದಕ್ಕೆ ತಿಳಿದರೆ ಆ ರಜೆ ನಿದ್ದೆಗೆ ಮಾತ್ರ ಬರುತ್ತದೆ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಹೆಸರು ಹಚ್ಚಿ ಕೆಲಸದ ಜೊತೆಗೇ ಓದಬೇಕೆಂದುಕೊಂಡ ಎಷ್ಟೋ ಮಕ್ಕಳು ಓದು ಕೈಬಿಟ್ಟದ್ದನ್ನು ನಾನು ಕಂಡಿದ್ದೇನೆ. ಫೀಸು ಕಟ್ಟಲು ಅವರಿಗೆ ಹಣವಿತ್ತು, ತರಗತಿಯ ದಿನ ಬಿಡುವು ಸಿಗುತ್ತದೆಯೋ ಇಲ್ಲವೋ ಎಂಬುದು ಮಾತ್ರ ಕೊನೆಯವರೆಗೂ ಗೊತ್ತಾಗುತ್ತಿರಲಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಪ್ರತಿಯೊಬ್ಬ ಹೊಸಬರೂ ತಿಳಿದಿರಬೇಕು. ನಮ್ಮ ಮಳಿಗೆಗಳಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರಂತೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸದ ಮಿತಿ. ಓಟಿ (ಹೆಚ್ಚುವರಿ ಹೊತ್ತಿನ ದುಡಿಮೆ) ಸೇರಿದರೂ ದಿನಕ್ಕೆ 10 ಗಂಟೆ ಮೀರುವಂತಿಲ್ಲ. ಸ್ಟಾಕ್ ಎಣಿಸುವ ಮತ್ತು ಲೆಕ್ಕ ಮುಗಿಸುವ ದಿನಗಳಿಗೆ ಮಾತ್ರ ವಿನಾಯಿತಿ. ಮೂರು ತಿಂಗಳಲ್ಲಿ ಒಟ್ಟು ಓಟಿ 50 ಗಂಟೆಯೊಳಗಿರಬೇಕು, ಅದಕ್ಕೆ ಎರಡು ಪಟ್ಟು ದರದಲ್ಲಿ ಕೂಲಿ ಕೊಡಬೇಕು. ಐದು ಗಂಟೆಗಿಂತ ಹೆಚ್ಚು ಹೊತ್ತು ಸತತವಾಗಿ ದುಡಿಸುವಂತಿಲ್ಲ, ನಡುವೆ ಕನಿಷ್ಠ ಒಂದು ಗಂಟೆ ಬಿಡುವು ಬೇಕು. ಬ್ರೇಕ್ ಶಿಫ್ಟ್ ಹಾಕಿ ಬೆಳಗ್ಗೆ ನಾಲ್ಕು ಗಂಟೆ, ಸಂಜೆ ಐದು ಗಂಟೆ ದುಡಿಸುವವರು ನೆನಪಿಡಬೇಕಾದ ಇನ್ನೊಂದು ಮಿತಿಯಿದೆ: ಬಿಡುವಿನ ವೇಳೆಯೂ ಸೇರಿ ಇಡೀ ಕೆಲಸದ ಹರವು ದಿನಕ್ಕೆ 12 ಗಂಟೆ ದಾಟಬಾರದು. ಕೆಲಸಕ್ಕೆ ಸೇರಿದ ಮೂವತ್ತು ದಿನದೊಳಗೆ ಹುದ್ದೆ, ಸಂಬಳ, ಷರತ್ತುಗಳನ್ನು ಬರೆದ ನೇಮಕಾತಿ ಪತ್ರ ಕೊಡಬೇಕೆಂದು 6-ಎ ಕಲಂ ಹೇಳುತ್ತದೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಗಳಂದು ನಮ್ಮ ಮಳಿಗೆಗಳಲ್ಲಿ ಆಫರ್‌ಗಳ ಜಾತ್ರೆಯೇ ನಡೆಯುತ್ತದೆ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕುರಿತ 1963ರ ಪ್ರತ್ಯೇಕ ಕಾಯ್ದೆಯ ಪ್ರಕಾರ ಅಂಥ ದಿನ ದುಡಿದವರಿಗೆ ಎರಡು ಪಟ್ಟು ಕೂಲಿಯನ್ನಾದರೂ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ಬದಲಿ ರಜೆಯನ್ನಾದರೂ ಕೊಡಬೇಕು.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಅಂಗಡಿಗಳು ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರಬಹುದೆಂದು ರಾಜ್ಯ ಸರ್ಕಾರ 2021ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿದಾಗ ಕೆಲವು ಷರತ್ತುಗಳನ್ನೂ ಹಾಕಿತ್ತು. ಮಹಿಳೆಯರನ್ನು ಸಾಮಾನ್ಯವಾಗಿ ರಾತ್ರಿ 8ರ ನಂತರ ದುಡಿಸಬಾರದು. ದುಡಿಸುವುದಾದರೆ ಅವರ ಲಿಖಿತ ಒಪ್ಪಿಗೆ ಬೇಕು, ಸುರಕ್ಷತೆ ಮತ್ತು ಸಾರಿಗೆಯ ವ್ಯವಸ್ಥೆ ಇರಬೇಕು. ಸೇರುವ ದಿನ ಸಹಿ ಹಾಕಿಸಿಕೊಳ್ಳುವ ಹತ್ತಾರು ಹಾಳೆಗಳಲ್ಲಿ ಈ ಒಪ್ಪಿಗೆಯ ಹಾಳೆಯೂ ಸೇರಿರಬಹುದು. ದಯವಿಟ್ಟು ಪ್ರತಿಯೊಂದನ್ನೂ ಓದಿ, ಫೋಟೊ ತೆಗೆದಿಟ್ಟುಕೊಂಡು ಸಹಿ ಹಾಕಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ನಮಗೆ ಬಸ್ ಪ್ರಯಾಣ ಉಚಿತವಾಗಿರುವುದು ದೊಡ್ಡ ಆಸರೆಯೇ ಹೌದು. ಆದರೆ ಕ್ಲೋಸಿಂಗ್ ಮುಗಿಯುವ ಹೊತ್ತಿಗೆ ನಿಮ್ಮ ಬಡಾವಣೆಯ ಕೊನೆಯ ಬಸ್ ಹೋಗಿದ್ದರೆ ಆಟೋಗೆ ತೆರುವ ಹಣ ಆ ದಿನದ ಸಂಬಳದಿಂದಲೇ ಹೋಗುತ್ತದೆ. ಸಾರಿಗೆ ಕೇಳುವುದು ಹಕ್ಕು ಎಂಬ ತಿಳಿವಳಿಕೆಯಿಂದಲೇ ಕೇಳಿ.

ಇಷ್ಟಿದ್ದರೂ ನಮ್ಮ ಕಾಯ್ದೆಯಲ್ಲಿ ಎರಡು ದೊಡ್ಡ ಕೊರತೆಗಳಿವೆ. ಅದು ಒಂದೊಂದು ದಿನದ ಗಂಟೆಗಳನ್ನು ಅಳೆಯುತ್ತದೆಯೇ ಹೊರತು ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವ ನಡುವೆ ಎಷ್ಟು ಅಂತರವಿರಬೇಕೆಂದು ಕೇಳುವುದಿಲ್ಲ. ಶಿಫ್ಟ್‌ನ ಪಟ್ಟಿಯನ್ನು ಇಷ್ಟು ದಿನ ಮೊದಲು ಕೊಡಬೇಕೆಂದೂ ಹೇಳುವುದಿಲ್ಲ. ಯುರೋಪಿಯನ್ ಒಕ್ಕೂಟದ ಕೆಲಸದ ವೇಳೆಯ ನಿಯಮದಲ್ಲಿ ದಿನಕ್ಕೆ ಸತತ 11 ಗಂಟೆಗಳ ವಿಶ್ರಾಂತಿ ಕಡ್ಡಾಯ. ಅಮೆರಿಕದ ಸಿಯಾಟಲ್ ನಗರದಲ್ಲಿ 2017ರ ಜುಲೈಯಿಂದ ದೊಡ್ಡ ಚಿಲ್ಲರೆ ಮಾರಾಟ ಕಂಪನಿಗಳು 14 ದಿನ ಮೊದಲೇ ಪಟ್ಟಿ ಕೊಡಬೇಕು. ಎರಡು ಶಿಫ್ಟ್‌ಗಳ ನಡುವೆ 10 ಗಂಟೆಗಿಂತ ಕಡಿಮೆ ಅಂತರವಿದ್ದರೆ ಆ ಕಡಿಮೆಯಾದ ವೇಳೆಗೆ ಒಂದೂವರೆ ಪಟ್ಟು ಕೂಲಿ ತೆರಬೇಕು. ಕಾರ್ಮಿಕ ಸಂಘಟನೆಗಳು ನಮ್ಮ ರಾಜ್ಯದಲ್ಲಿ ಸರ್ಕಾರದ ಮುಂದಿಡಬೇಕಾದ ಬೇಡಿಕೆಗಳಲ್ಲಿ ಇವೆರಡೂ ಸೇರಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ಹೀಗೆ ಮಾಡಿದರೆ ವ್ಯಾಪಾರ ಕೆಡುತ್ತದೆ, ಗಿರಾಕಿಗಳು ಯಾವಾಗ ಬರುತ್ತಾರೆಂದು ಹದಿನೈದು ದಿನ ಮೊದಲೇ ಹೇಳಲು ಬರುವುದಿಲ್ಲ ಎಂಬ ವಾದವನ್ನು ಬಹಳ ಸಲ ಕೇಳಿದ್ದೇನೆ. ಗ್ಯಾಪ್ ಎಂಬ ಬಟ್ಟೆ ಕಂಪನಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಷಿಕಾಗೊ ಪ್ರದೇಶದ 28 ಮಳಿಗೆಗಳಲ್ಲಿ ಸಂಶೋಧಕರೊಂದಿಗೆ ಸೇರಿ ಈ ಮಾತನ್ನು ಪರೀಕ್ಷಿಸಿತ್ತು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವೇಳೆಯನ್ನು ಸ್ಥಿರಗೊಳಿಸಿದ ಮಳಿಗೆಗಳಲ್ಲಿ ಮಾರಾಟ ಸುಮಾರು ಶೇ 7ರಷ್ಟು ಹೆಚ್ಚಾಗಿತ್ತು. ಶಿಫ್ಟ್‌ಗಳು ಕೊನೆಗಳಿಗೆಯಲ್ಲಿ ಬದಲಾಗಲು ಗಿರಾಕಿಗಳ ಏರಿಳಿತಕ್ಕಿಂತಲೂ ಕೇಂದ್ರ ಕಚೇರಿಯ ತೀರ್ಮಾನಗಳೇ, ಅಂದರೆ ಸರಕು ಬರುವ ದಿನದ ತಪ್ಪು ಮಾಹಿತಿ, ದಿಢೀರನೆ ಬದಲಾಗುವ ಆಫರ್, ಮೇಲಧಿಕಾರಿಗಳ ಭೇಟಿ ಇಂಥವೇ, ಬಹುಮಟ್ಟಿಗೆ ಕಾರಣವೆಂದೂ ಅಲ್ಲಿ ಕಂಡುಬಂತು. ನನ್ನ ಅನುಭವವೂ ಇದೇ. ಶನಿವಾರ ಸಂಜೆ ಜನ ಬರುತ್ತಾರೆಂಬುದು ನಮಗೆ ಯಾವತ್ತೂ ಹೊಸ ಸುದ್ದಿಯಾಗಿರಲಿಲ್ಲ. ಲೋಡ್ ಗುರುವಾರದ ಬದಲು ಶುಕ್ರವಾರ ಬರುತ್ತದೆಂಬುದು ಗುರುವಾರ ಮಧ್ಯಾಹ್ನ ತಿಳಿಯುತ್ತಿತ್ತು.

ಇನ್ನು ಹೊಸಬರು ಮಾಡಬೇಕಾದದ್ದು. ಸೇರಿದ ದಿನದಿಂದಲೇ ಒಂದು ಚಿಕ್ಕ ಪುಸ್ತಕದಲ್ಲಿ ಪ್ರತಿದಿನ ಬಂದ ವೇಳೆ, ಹೊರಟ ವೇಳೆ, ಬಿಡುವಿನ ಅವಧಿ, ಪಟ್ಟಿಯಲ್ಲಿ ಏನಿತ್ತು, ಯಾವಾಗ ಬದಲಾಯಿತು, ಯಾರು ತಿಳಿಸಿದರು ಎಂದು ಬರೆದಿಡಿ. ಬಯೋಮೆಟ್ರಿಕ್‌ನಲ್ಲಿ ಪಂಚ್ ಔಟ್ ಮಾಡಿಸಿ ಆಮೇಲೆ ರ‍್ಯಾಕ್ ತುಂಬಿಸುವ ಪದ್ಧತಿ ಇದ್ದರೆ ಅದನ್ನೂ ಬರೆಯಿರಿ, ಏಕೆಂದರೆ ಆ ಮುಕ್ಕಾಲು ಗಂಟೆ ಬೇರೆಲ್ಲಿಯೂ ದಾಖಲಾಗುವುದಿಲ್ಲ. ರೋಸ್ಟರ್‌ನ ಫೋಟೊ ತೆಗೆದಿಡಿ. ಒಂದು ತಿಂಗಳ ಲೆಕ್ಕ ಕೈಯಲ್ಲಿದ್ದಾಗ ಮಾತಿನ ದಾರಿಯೇ ಬೇರೆಯಾಗುತ್ತದೆ.

ಆಮೇಲೆ ಮ್ಯಾನೇಜರ್ ಬಳಿ ಮಾತಾಡಿ. ಶನಿವಾರ ಸಂಜೆಯ ಗದ್ದಲದಲ್ಲಿ ಬೇಡ. ವಾರದ ನಡುವೆ, ಮಧ್ಯಾಹ್ನ ಬಿಲ್ಲಿಂಗ್ ತಣ್ಣಗಿರುವಾಗ ಹೋಗಿ. ನಾನು ಅಕ್ಕನ ಮಗಳಿಗೆ ಕೊಟ್ಟ ಮುಖ್ಯ ಸಲಹೆಯೆಂದರೆ, ಒಂದು ದಿನದ ರಿಯಾಯಿತಿ ಕೇಳಬೇಡ, ಸರದಿ ಕೇಳು ಎಂಬುದು. "ಸರ್, ಈ ಭಾನುವಾರ ಒಂದು ಬಿಟ್ಟುಕೊಡಿ" ಎಂದು ಕೇಳಿದರೆ ಅವರು ಒಪ್ಪಬಹುದು, ಆದರೆ ಅದು ಉಪಕಾರವಾಗಿ ಉಳಿಯುತ್ತದೆ. ಮುಂದಿನ ತಿಂಗಳು ಅದರ ಋಣ ತೀರಿಸಬೇಕಾಗುತ್ತದೆ. ನೀನು ಬಿಟ್ಟ ಕ್ಲೋಸಿಂಗ್ ನಿನ್ನ ನಂತರ ಸೇರಿದ ಇನ್ನೊಬ್ಬಳ ತಲೆಗೆ ಹೋಗುತ್ತದೆ. ಅದರ ಬದಲು ಹೀಗೆ ಕೇಳಬಹುದು: "ಸರ್, ಹೋದ ತಿಂಗಳ ವಾರಾಂತ್ಯಗಳಲ್ಲಿ ನನಗೆ ಏಳು ಕ್ಲೋಸಿಂಗ್ ಬಂದಿವೆ, ಕೌಂಟರಿನ ಬೇರೆಯವರಿಗೆ ಎರಡು ಮೂರು ಬಂದಿವೆ. ಕ್ಲೋಸಿಂಗ್ ಮಾಡಲು ನಾನು ಹಿಂಜರಿಯುವುದಿಲ್ಲ. ಎಲ್ಲರಿಗೂ ಸರದಿಯಂತೆ ಬರುವ ಹಾಗೆ ಮಾಡಿ, ಕ್ಲೋಸಿಂಗ್ ಮಾಡಿದ ಮರುದಿನ ತಡವಾಗಿ ಶುರುವಾಗುವ ಜನರಲ್ ಶಿಫ್ಟ್ ಕೊಡಿ, ವೀಕ್ ಆಫ್ ಒಂದು ವಾರ ಮೊದಲೇ ತಿಳಿಸಿ." ಇದರಲ್ಲಿ ದೂರೂ ಇಲ್ಲ, ಬೇಡುವುದೂ ಇಲ್ಲ, ಇಲ್ಲವೆನ್ನಲು ಸುಲಭದ ಕಾರಣವೂ ಇಲ್ಲ. ಒಪ್ಪಿದರೆ ಅದೇ ಸಂಜೆ "ಇಂದು ಮಾತಾಡಿದಂತೆ" ಎಂದು ಆರಂಭಿಸಿ ಎರಡು ಸಾಲಿನ ಮೆಸೇಜ್ ಕಳಿಸಿ.

ಹಳಬರನ್ನು ಎದುರು ಹಾಕಿಕೊಳ್ಳಬೇಡಿ. ಭಾನುವಾರ ರಜೆ ಪಡೆಯುವ ಅಕ್ಕ ಅದನ್ನು ಎಷ್ಟೋ ವರ್ಷ ದುಡಿದು ಸಂಪಾದಿಸಿರುತ್ತಾಳೆ. ಅವಳಿಗೆ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇರಬಹುದು. ನಿಜವಾದ ಅನಿವಾರ್ಯಗಳಿಗೆ ಜಾಗ ಬಿಟ್ಟೂ ಸರದಿ ಮಾಡಲು ಸಾಧ್ಯ ಎಂಬುದನ್ನು ರೋಸ್ಟರ್ ಬರೆದ ನಾನು ಖಚಿತವಾಗಿ ಹೇಳಬಲ್ಲೆ. ಪಟ್ಟಿ ಬರೆಯುವವರು ಹೆಸರುಗಳಿಂದ ಆರಂಭಿಸದೆ, ಯಾರಿಗೂ ಬೇಡವಾದ ಶಿಫ್ಟ್‌ಗಳಿಂದ ಆರಂಭಿಸಬೇಕು. ತಿಂಗಳ ಎಲ್ಲ ವಾರಾಂತ್ಯದ ಕ್ಲೋಸಿಂಗ್‌ಗಳನ್ನೂ ಮೊದಲು ಎಲ್ಲರಿಗೂ ಹಂಚಿ, ಆಮೇಲೆ ಅವರವರ ಅನುಕೂಲಗಳನ್ನು ಉಳಿದ ದಿನಗಳಲ್ಲಿ ಹೊಂದಿಸಿದರೆ ತಕರಾರುಗಳು ಬಹಳಷ್ಟು ಕಡಿಮೆಯಾಗುತ್ತವೆ. ಇದನ್ನು ಓದುತ್ತಿರುವ ಮ್ಯಾನೇಜರ್‌ಗಳು ಒಂದು ತಿಂಗಳಾದರೂ ಹೀಗೆ ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಮಾತಿಗೆ ಬೆಲೆ ಸಿಗದಿದ್ದರೆ ಹೆಚ್‌ಆರ್‌ಗೆ ಇಮೇಲ್ ಬರೆಯಬಹುದು. ಗಂಟೆಗಳ ಮಿತಿ, ಓಟಿ, ವಾರದ ರಜೆಯ ಉಲ್ಲಂಘನೆಯಾದರೆ ನಿಮ್ಮ ಪ್ರದೇಶದ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಬಹುದು. ಇಲಾಖೆಯ ಕೇಂದ್ರ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಆದರೆ ಒಂದು ಎಚ್ಚರಿಕೆಯನ್ನು ಮುಚ್ಚಿಡಲಾರೆ. ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳವಿಲ್ಲದೆ ಕೆಲಸದಿಂದ ತೆಗೆಯಬಾರದೆಂಬ, ಅಂಗಡಿಗಳ ಕಾಯ್ದೆಯ 39ನೇ ಕಲಮಿನ ರಕ್ಷಣೆ ಸಿಗುವುದು ಸತತ ಆರು ತಿಂಗಳು ದುಡಿದವರಿಗೆ ಮಾತ್ರ. ಹೊಸಬರು ಬಾಯಿ ತೆರೆಯಲು ಹೆದರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ, ಮತ್ತು ಆ ಹೆದರಿಕೆ ಅವರ ದೌರ್ಬಲ್ಯವಲ್ಲ. ಆದ್ದರಿಂದ ಮೊದಲ ಆರು ತಿಂಗಳಲ್ಲಿ ಒಬ್ಬರೇ ಲಿಖಿತ ದೂರಿಗೆ ಇಳಿಯುವ ಮುನ್ನ ಮನೆಯ ಪರಿಸ್ಥಿತಿ ನೋಡಿಕೊಳ್ಳಿ. ಸಾಧ್ಯವಾದರೆ ನಾಲ್ಕೈದು ಜನ ಒಟ್ಟಾಗಿ ಸರದಿಯ ಮನವಿ ಕೊಡಿ. ಲೆಕ್ಕದ ಪುಸ್ತಕವನ್ನು ಮಾತ್ರ ಒಂದು ದಿನವೂ ನಿಲ್ಲಿಸಬೇಡಿ, ಆರು ತಿಂಗಳ ನಂತರವೂ ಅದು ನಿಮ್ಮ ಪರವಾಗಿ ಮಾತಾಡುತ್ತದೆ.

ಎಲ್ಲವನ್ನೂ ಮಾಡಿಯೂ ಏನೂ ಬದಲಾಗದಿದ್ದರೆ ಆ ಮಳಿಗೆಯನ್ನು ಬಿಡುವುದರಲ್ಲಿ ಅವಮಾನವೇನೂ ಇಲ್ಲ. ಬಿಲ್ಲಿಂಗ್ ಬಲ್ಲವರಿಗೆ ಈ ಊರಿನಲ್ಲಿ ಬೇರೆ ಕೌಂಟರ್ ಸಿಗುತ್ತದೆ. ಮುಂದಿನ ಸಂದರ್ಶನದಲ್ಲಿ ಸಂಬಳ ಕೇಳುವ ಮೊದಲೇ ರೋಸ್ಟರ್ ಎಷ್ಟು ದಿನ ಮುಂಚೆ ಕೊಡುತ್ತೀರಿ, ವಾರಾಂತ್ಯದ ಕ್ಲೋಸಿಂಗ್ ಸರದಿಯಲ್ಲಿದೆಯೇ ಎಂದು ಕೇಳಿ. ಆದರೆ ಸಿಟ್ಟಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಹೋಗದೆ ನಿಲ್ಲಬೇಡಿ. ರಾಜೀನಾಮೆಯನ್ನು ಬರಹದಲ್ಲಿ ಕೊಟ್ಟು, ಬಾಕಿ ಸಂಬಳ, ಓಟಿ ಮತ್ತು ಬದಲಿ ರಜೆಗಳ ಲೆಕ್ಕವನ್ನು ಪುಸ್ತಕದೊಂದಿಗೆ ತಾಳೆ ನೋಡಿ, ರಿಲೀವಿಂಗ್ ಲೆಟರ್ ಪಡೆದು, ಪಿಎಫ್ (ಭವಿಷ್ಯ ನಿಧಿ) ಖಾತೆಯ ಯುಎಎನ್ ಸಂಖ್ಯೆ ನಿಮ್ಮ ಸ್ವಂತ ಮೊಬೈಲ್‌ಗೆ ಜೋಡಣೆಯಾಗಿದೆಯೇ ಎಂದು ಖಾತ್ರಿ ಮಾಡಿಕೊಂಡು ಹೊರಡಿ.