ಭಾರ ಎತ್ತದವನ ಹೆಗಲುನೋವು

ಹೆಗಲು ನೋಯುತ್ತಿದೆ ಎಂದ ಕೂಡಲೇ ಎದುರಿಗಿದ್ದವರು ಕೇಳುವ ಮೊದಲ ಪ್ರಶ್ನೆ, ‘ಏನಾದರೂ ಭಾರ ಎತ್ತಿದಿರಾ?’ ಎಂಬುದು. ಹೊರೆ ಹೊತ್ತವನಿಗೆ, ಜಾರಿ ಬಿದ್ದವನಿಗೆ, ಕೊನೆಗೆ ಮಕ್ಕಳ ಜೊತೆ ಚೆಂಡಾಡಲು ಹೋಗಿ ತೋಳು ಉಳುಕಿಸಿಕೊಂಡವನಿಗೂ ಹೇಳಿಕೊಳ್ಳಲು ಒಂದು ಮರ್ಯಾದೆಯ ಕಾರಣವಿರುತ್ತದೆ. ನಾನು ದಿನವಿಡೀ ಎತ್ತಿದ್ದೇನು ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ಸಿಗುವುದು ಅಂಗೈಯಗಲದ ಒಂದು ಮೌಸ್ ಮಾತ್ರ. ಅದನ್ನೂ ಎತ್ತಿದ್ದಲ್ಲ, ತಳ್ಳಿದ್ದು.

ಈ ಅವಮಾನದಿಂದ ನನ್ನನ್ನು ತಕ್ಕಮಟ್ಟಿಗೆ ಪಾರುಮಾಡಿದ್ದು ಸ್ನಾಯುಗಳ ಕುರಿತ ಓದು. ತಲೆಬುರುಡೆಯ ಹಿಂಬದಿಯಿಂದ ಹೊರಟು, ಎರಡೂ ಹೆಗಲುಗಳಿಗೆ ಹರಡಿ, ನಡುಬೆನ್ನಿನವರೆಗೆ ಇಳಿಯುವ ಟ್ರೆಪೀಜಿಯಸ್ ಎಂಬ ದೊಡ್ಡ ಸ್ನಾಯು, ಆಸರೆಯಿಲ್ಲದ ಕೈ ಮೌಸಿನ ಮೇಲಿರುವಷ್ಟು ಹೊತ್ತೂ ತೋಳಿನ ಭಾರವನ್ನು ಹಿಡಿದುಕೊಂಡೇ ಇರುತ್ತದೆ. ಅದು ಬಳಸುವುದು ತನ್ನ ಶಕ್ತಿಯ ಅಲ್ಪಭಾಗವನ್ನಷ್ಟೇ. ಆದರೆ ಬಿಡುವೇ ಇಲ್ಲದೆ ಬಳಸುತ್ತದೆ. 1991ರಲ್ಲಿ ಸ್ವೀಡನ್ನಿನ ಸಂಶೋಧಕ ಯೋರಾನ್ ಹೆಗ್ ಮಂಡಿಸಿದ ಊಹೆಯ ಪ್ರಕಾರ, ಸ್ನಾಯುವಿನ ಸಣ್ಣ ಎಳೆಗಳು ಎಲ್ಲರಿಗಿಂತ ಮೊದಲು ಕೆಲಸಕ್ಕೆ ಹಾಜರಾಗಿ ಎಲ್ಲರಿಗಿಂತ ಕೊನೆಗೆ ಬಿಡುಗಡೆ ಪಡೆಯುತ್ತವೆ. ದೊಡ್ಡ ಎಳೆಗಳು ಭಾರಿ ಕೆಲಸ ಬಂದರೆ ಮಾತ್ರ ಏಳುತ್ತವೆ. ಮನೆಗೆಲಸವೆಲ್ಲ ತನ್ನೊಬ್ಬಳ ಪಾಲಿಗೇ ಬಂದ ಕಥೆಯ ಹುಡುಗಿಯ ನೆನಪಿನಲ್ಲಿ ಇದಕ್ಕೆ ಸಿಂಡ್ರೆಲಾ ಸಿದ್ಧಾಂತ ಎಂಬ ಹೆಸರಿದೆ. ಇದನ್ನು ಓದಿದಾಗ ನನ್ನ ಹೆಗಲೊಳಗೂ ಒಂದು ಕಚೇರಿ ನಡೆಯುತ್ತಿದೆ, ಅಲ್ಲಿಯೂ ದುಡಿಯುವವರು ಬೇರೆ, ದೊಡ್ಡವರು ಬೇರೆ ಎಂದು ತಿಳಿದು ಒಂದು ಬಗೆಯ ಆತ್ಮೀಯತೆ ಹುಟ್ಟಿತು.

ಎಲ್ಲದಕ್ಕೂ ಕಂಪ್ಯೂಟರನ್ನು ಬೈಯುವ ಹಿರಿಯರಿಗೆ ಹೇಳಲು ನನ್ನ ಬಳಿ ಇನ್ನೊಂದು ಮಾಹಿತಿಯೂ ಇದೆ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿ 1713ರಷ್ಟು ಹಿಂದೆಯೇ ಗುಮಾಸ್ತರ ನೋವಿಗೆ ಮೂರು ಕಾರಣಗಳನ್ನು ಗುರುತಿಸಿದ್ದ: ಸದಾ ಕುಳಿತಿರುವುದು, ಕೈಯನ್ನು ಒಂದೇ ರೀತಿ ಆಡಿಸುತ್ತಿರುವುದು, ಲೆಕ್ಕ ತಪ್ಪಿ ಧಣಿಗೆ ನಷ್ಟವಾದೀತೆಂಬ ಮನಸ್ಸಿನ ಒತ್ತಡ. ಗರಿಯ ಲೇಖನಿ ಹೋಗಿ ಕೀಲಿಮಣೆ ಬಂದದ್ದನ್ನು ಬಿಟ್ಟರೆ ಮೂರು ಶತಮಾನಗಳಲ್ಲಿ ನಮ್ಮ ಪರಿಸ್ಥಿತಿಯಲ್ಲಿ ಹೆಚ್ಚಿನ ಬದಲಾವಣೆ ಆದಂತಿಲ್ಲ; ಧಣಿಗಳಂತೂ ಹಾಗೆಯೇ ಇದ್ದಾರೆ.

ಕಾರಣ ತಿಳಿದ ಮೇಲೆ ಪರಿಹಾರಕ್ಕೆ ಇಳಿದೆ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿರಬೇಕು, ಮೊಣಕೈ ಹೆಚ್ಚುಕಡಿಮೆ ಲಂಬಕೋನದಲ್ಲಿ ಮಡಿಚಿ ಪಕ್ಕೆಗೆ ಹತ್ತಿರವಿರಬೇಕು ಎಂಬುದು ನಿಯಮ. ಪರದೆ ಮತ್ತು ಕೀಲಿಮಣೆಗಳನ್ನು ಬೇರ್ಪಡಿಸಲಾಗದಂತೆ ಬೆಸೆದಿರುವ ಲ್ಯಾಪ್‌ಟಾಪಿನಲ್ಲಿ ಇವೆರಡನ್ನೂ ಒಟ್ಟಿಗೆ ಪಾಲಿಸುವುದು ಅಸಾಧ್ಯ. ಪರದೆಯನ್ನು ಏರಿಸಿದರೆ ಕೀಲಿಗಳು ಗದ್ದದ ಬಳಿ ಬರುತ್ತವೆ. ಕೀಲಿಗಳನ್ನು ಇಳಿಸಿದರೆ ತಲೆ ಮುಂದಕ್ಕೆ ಬಾಗುತ್ತದೆ. ಸುಮಾರು ಐದು ಕಿಲೋ ತೂಗುವ ತಲೆ ಅರವತ್ತು ಡಿಗ್ರಿ ಬಾಗಿದಾಗ ಕುತ್ತಿಗೆಯ ಮೇಲೆ ಬೀಳುವ ಹೊರೆ ಸುಮಾರು 27 ಕಿಲೋ ಎಂದು 2014ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಭಾರ ಎತ್ತಿದಿರಾ ಎಂದು ಕೇಳಿದವರಿಗೆ ಈ ಅಂಕಿಯನ್ನು ಮುಖಕ್ಕೆ ಹಿಡಿಯಬಹುದೆಂಬ ಸಂತೋಷದಲ್ಲಿಯೇ ಬೇರೊಂದು ಕೀಲಿಮಣೆ ಕೊಂಡು, ಲ್ಯಾಪ್‌ಟಾಪಿನ ಅಡಿಗೆ ಪುಸ್ತಕಗಳನ್ನು ಪೇರಿಸಿದೆ. ಎತ್ತರಕ್ಕೆ ಸರಿಹೊಂದಿದ್ದು ನಿಘಂಟು; ಅತ್ಯಂತ ದಪ್ಪವಾದ್ದರಿಂದ ಅದು ಅಡಿಪಾಯವಾಯಿತು. ಒಂದು ಪದದ ಅರ್ಥ ಬೇಕಾದಾಗಲೆಲ್ಲ ಇಡೀ ಕಟ್ಟಡವನ್ನು ಕೆಡವಬೇಕಾದ್ದರಿಂದ, ಆ ತಿಂಗಳ ನನ್ನ ಬರಹಗಳು ಬಹಳ ಸರಳವಾಗಿದ್ದವೆಂದು ಓದಿದವರು ಮೆಚ್ಚಿಕೊಂಡರು.

ಮುಂದಿನ ಆರೋಪಿ ಮೌಸ್. ಕೀಲಿಮಣೆಯ ಬಲತುದಿಯಲ್ಲಿ ಅಂಕಿಗಳ ಗುಂಪೊಂದು ಜಾಗ ಹಿಡಿದಿರುವುದರಿಂದ ಮೌಸ್ ಇನ್ನಷ್ಟು ಹೊರಕ್ಕೆ ಸರಿಯುತ್ತದೆ, ಅದನ್ನು ಹಿಂಬಾಲಿಸಿ ತೋಳು ಪಕ್ಕೆಯಿಂದ ದೂರ ಹೋಗುತ್ತದೆ, ಬಲಹೆಗಲು ಸೆಟೆದುಕೊಳ್ಳುತ್ತದೆ. ಎಡಗೈಗೆ ಸ್ವಲ್ಪ ದಿನ ಅಧಿಕಾರ ವಹಿಸಿಕೊಟ್ಟರೆ ಬಲಗೈಗೆ ವಿಶ್ರಾಂತಿ ಎಂಬ ಸಲಹೆ ತರ್ಕಬದ್ಧವಾಗಿಯೇ ಇತ್ತು. ಆದರೆ ಎಡಗೈಗೆ ಅಧಿಕಾರದ ಅನುಭವವಿರಲಿಲ್ಲ. ಒಬ್ಬ ಆಪ್ತ ಸಹೋದ್ಯೋಗಿಗೆಂದು ಬರೆದ ‘ಈ ಪತ್ರಕ್ಕೆ ಏನೋ ಒಂದು ಉತ್ತರ ಕೊಟ್ಟು ಸಾಗಹಾಕಿಬಿಡಿ’ ಎಂಬ ಸಾಲು, ಪಕ್ಕದ ಗುಂಡಿ ಒತ್ತಿದ ಕಾರಣ, ಪತ್ರ ಬರೆದ ಮೇಲಧಿಕಾರಿಯೂ ಸೇರಿದಂತೆ ಎಲ್ಲರಿಗೂ ತಲುಪಿತು. ಮನಸ್ಸಿನ ಒತ್ತಡವೆಂಬ ರಾಮಾಝಿನಿಯ ಮೂರನೆಯ ಕಾರಣ ಆ ಮಧ್ಯಾಹ್ನ ಎರಡೂ ಹೆಗಲುಗಳಲ್ಲಿ ಸಮನಾಗಿ ಸಾಬೀತಾಯಿತು.

ಗಣಕದೊಳಗೆ ಹಾಕಿಕೊಂಡ ನೆನಪೋಲೆಯ ತಂತ್ರಾಂಶದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅರ್ಧ ಗಂಟೆಗೊಮ್ಮೆ ಅದು ‘ಎದ್ದು ನಿಲ್ಲಿ’ ಎನ್ನುತ್ತಿತ್ತು. ಅದನ್ನು ಮುಚ್ಚಲು ನಾನು ಪರದೆಯ ಬಲಮೂಲೆಗೆ ಮೌಸನ್ನು ಚಾಚುತ್ತಿದ್ದೆ.

ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರ ಮುಂದೆ ಹೋಗಿ ಕುಳಿತೆ. ಬೆರಳುಗಳು ಮರಗಟ್ಟುತ್ತವೆಯೇ, ಕೈಯ ಬಲ ಕಡಿಮೆಯಾಗಿದೆಯೇ, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆಯೇ ಎಂದು ಅವರು ಮೊದಲು ವಿಚಾರಿಸಿಕೊಂಡರು. ನರದ ತೊಂದರೆಯೂ ಹೃದಯದ ತೊಂದರೆಯೂ ಕೆಲವೊಮ್ಮೆ ಹೆಗಲುನೋವಿನ ವೇಷದಲ್ಲಿ ಬರುತ್ತವಾದ್ದರಿಂದ, ಹಾಗಿದ್ದರೆ ವ್ಯಾಯಾಮದ ಮಾತೇ ಇಲ್ಲ, ನೇರವಾಗಿ ವೈದ್ಯರ ಬಳಿಗೆ ಎಂದರು. ಇಲ್ಲವೆಂದಾದ ಮೇಲೆ, ‘ಸರಿ ಸರ್, ನೀವು ಹೇಗೆ ಕುಳಿತುಕೊಳ್ಳುತ್ತೀರಿ ತೋರಿಸಿ’ ಎಂದರು. ನಾನು ಬೆನ್ನನ್ನು ನೆಟ್ಟಗೆ ಮಾಡಿ, ಎದೆಯುಬ್ಬಿಸಿ, ಉಸಿರು ಬಿಗಿಹಿಡಿದು ಕುಳಿತೆ. ‘ಎಷ್ಟೇ ಚೆನ್ನಾಗಿ ಕುಳಿತರೂ ಅಲ್ಲಾಡದೆ ಕುಳಿತರೆ ನೋಯುತ್ತದೆ’ ಎಂದು ಅವರು ನಕ್ಕರು.

ಅವರು ಕಲಿಸಿದ ವ್ಯಾಯಾಮಗಳು ನಿಜಕ್ಕೂ ಸುಲಭ. ಹೆಗಲುಗಳನ್ನು ಕಿವಿಯ ತನಕ ಎತ್ತಿ ಸಡಿಲವಾಗಿ ಬಿಡುವುದು, ಗದ್ದವನ್ನು ನೇರವಾಗಿ ಹಿಂದಕ್ಕೆ ಎಳೆದುಕೊಳ್ಳುವುದು, ಕಿವಿಯನ್ನು ಹೆಗಲಿನತ್ತ ಬಾಗಿಸಿ ಕೆಲ ಹೊತ್ತು ಹಾಗೆಯೇ ಇರುವುದು. ವೀಡಿಯೊ ಸಭೆಗಳಲ್ಲಿ ಕಳೆದುಹೋಗುವ ಸಮಯವನ್ನು ಇದಕ್ಕೆ ಬಳಸಬಹುದೆಂದು ನನಗೆ ತೋಚಿತು. ಯೋಜನೆ ಎಲ್ಲಿಗೆ ಬಂತು ಎಂದು ಅಧಿಕಾರಿಗಳು ಕೇಳಿದ ಹೊತ್ತಿಗೆ ನನ್ನ ಹೆಗಲುಗಳು ಮೇಲೇರಿ ಇಳಿದವು. ‘ಗೊತ್ತಿಲ್ಲ ಎಂದರೆ ಹೇಗೆ?’ ಎಂದು ಅವರು ಸಿಟ್ಟಾದರು. ಕಿರಿಯರೊಬ್ಬರು ಹೊಸ ವಿಚಾರ ಮಂಡಿಸುವಾಗ ನನ್ನ ಗದ್ದ ಹಿಂದಕ್ಕೆ ಸರಿದು, ಮುಖದಲ್ಲಿ ಘೋರವಾದ ತಿರಸ್ಕಾರ ಮೂಡಿದ್ದರಿಂದ ಅವರು ಅರ್ಧಕ್ಕೇ ನಿಲ್ಲಿಸಿದರು. ವಾರ್ಷಿಕ ವರದಿಯನ್ನು ಯಾರು ಸಿದ್ಧಪಡಿಸುತ್ತೀರಿ ಎಂಬ ಪ್ರಶ್ನೆ ಬಂದಾಗ ನನ್ನ ಕಿವಿ ಹೆಗಲಿನತ್ತ ಬಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಂದಿನಿಂದ ವ್ಯಾಯಾಮವನ್ನು ಮನೆಗೆ ಸ್ಥಳಾಂತರಿಸಿ, ರಬ್ಬರಿನ ಪಟ್ಟಿಯೊಂದನ್ನು ತಂದುಕೊಂಡೆ. ಅಂಥ ಪಟ್ಟಿಯಿಂದ ದಿನಕ್ಕೆ ಎರಡೇ ನಿಮಿಷದಂತೆ ಹತ್ತು ವಾರ ಕೈಗಳನ್ನು ಪಕ್ಕಕ್ಕೆ ಎತ್ತಿದವರ ಕುತ್ತಿಗೆ ಮತ್ತು ಹೆಗಲಿನ ನೋವು ಕಡಿಮೆಯಾಯಿತೆಂದು ಡೆನ್ಮಾರ್ಕಿನ ಸಂಶೋಧಕರು 2011ರಲ್ಲಿ ವರದಿ ಮಾಡಿದ್ದಾರೆ. ಎರಡು ನಿಮಿಷವೆಂದ ಮೇಲೆ, ಪುರುಸೊತ್ತಿಲ್ಲ ಎಂಬ ನನ್ನ ಅಚ್ಚುಮೆಚ್ಚಿನ ನೆಪಕ್ಕೆ ಜಾಗವಿರಲಿಲ್ಲ. ಪಟ್ಟಿಯನ್ನು ಪಾದದಡಿ ಒತ್ತಿಹಿಡಿದು ತುದಿಗಳನ್ನು ಎಳೆಯಬೇಕು. ಒತ್ತಿಹಿಡಿದಿದ್ದ ಪಾದ ಕೊಂಚ ಜಾರಿತು, ಪಟ್ಟಿ ಚಿಮ್ಮಿ ಮುಖಕ್ಕೆ ಬಡಿಯಿತು, ಕನ್ನಡಕ ಹಾರಿ ಮಂಚದಡಿಯ ಅತ್ಯಂತ ದೂರದ ಮೂಲೆ ಸೇರಿತು. ನೆಲಕ್ಕೆ ಮಲಗಿ, ತೋಳನ್ನು ಸಾಧ್ಯವಿದ್ದಷ್ಟೂ ಚಾಚಿ, ಹೆಗಲನ್ನು ಹಿಂದಕ್ಕೂ ಮುಂದಕ್ಕೂ ಹೊರಳಿಸುತ್ತ ತಡಕಾಡಿ ಹೊರಬಂದಾಗ, ತಿಂಗಳುಗಳಿಂದ ಕುಳಿತಿದ್ದ ಗಂಟು ಸಡಿಲವಾದಂತೆ ಭಾಸವಾಯಿತು. ಈ ವಿಷಯವನ್ನು ಉತ್ಸಾಹದಲ್ಲಿ ಮನೆಯವರಿಗೆ ಹೇಳಿದೆ. ನೋವು ಈಗ ಬಹುಮಟ್ಟಿಗೆ ಇಳಿದಿದೆ. ಮನೆಯಲ್ಲಿ ಯಾರ ಯಾವ ವಸ್ತು ಮಂಚದಡಿಗೆ ಉರುಳಿದರೂ ಅದನ್ನು ತೆಗೆಯುವ ಕೆಲಸ, ಹೆಗಲಿಗೆ ಒಳ್ಳೆಯದೆಂಬ ಕಾರಣಕ್ಕೆ, ನನಗೇ ಮೀಸಲಾಗಿದೆ.